ಗಿಂಬಳ: ಸಂಬಳದ ಬೆನ್ನಿಗೆ ಬಿದ್ದ ಮಾತು

ಹುಡುಗ ತಾಲ್ಲೂಕು ಕಚೇರಿಯಲ್ಲಿ ಕೆಲಸದಲ್ಲಿದ್ದಾನೆ ಎಂದ ಕೂಡಲೇ ಹೆಣ್ಣಿನ ಕಡೆಯವರಿಂದ ಎರಡು ಪ್ರಶ್ನೆಗಳು ಬರುವುದುಂಟು. ಸಂಬಳ ಎಷ್ಟು? ಗಿಂಬಳ ಎಷ್ಟಾಗಬಹುದು? ಎರಡನೆಯದನ್ನು ಕೇಳುವಾಗ ಯಾರೂ ದನಿ ತಗ್ಗಿಸುವುದಿಲ್ಲ. ಉತ್ತರ ಹೇಳುವ ಹುಡುಗನ ಸೋದರಮಾವನಿಗೂ ಮುಜುಗರವಾಗುವುದಿಲ್ಲ. ಅದೇ ಚಾಪೆಯ ಮೇಲೆ ಕೂತು ಒಬ್ಬರು ‘ನಿಮ್ಮ ಹುಡುಗ ಲಂಚ ಎಷ್ಟು ತಿಂತಾನೆ?’ ಎಂದು ಕೇಳಿದರೆ ಮಾತುಕತೆ ಅಲ್ಲಿಗೇ ಮುರಿದುಹೋಗುತ್ತದೆ. ಎರಡೂ ಪ್ರಶ್ನೆ ಕೇಳುತ್ತಿರುವುದು ಒಂದೇ ಹಣದ ಬಗ್ಗೆ. ಒಂದು ಪದದಲ್ಲಿ ಅದು ವರನ ಯೋಗ್ಯತೆ, ಇನ್ನೊಂದರಲ್ಲಿ ಮನೆತನಕ್ಕೆ ಮಾಡಿದ ಅವಮಾನ.

ಈ ವ್ಯತ್ಯಾಸ ನನ್ನನ್ನು ಬಹಳ ಕಾಲದಿಂದ ಕಾಡಿದೆ. ಕನ್ನಡದಲ್ಲಿ ಲಂಚಕ್ಕೆ ಪದಗಳ ಕೊರತೆಯಿಲ್ಲ. ರುಷುವತ್ತು, ಮಾಮೂಲು, ಕಾಣಿಕೆ, ನಜರು, ಭಕ್ಷೀಸು, ಕಮಿಷನ್, ಮೇಲ್ಸಂಪಾದನೆ, ಕಾಫಿ ಕಾಸು, ಕೈಬೆಚ್ಚಗೆ ಮಾಡುವುದು. ಅವುಗಳಲ್ಲೆಲ್ಲ ಗಿಂಬಳದಷ್ಟು ಸಲೀಸಾಗಿ ನಮ್ಮ ಮನೆಯೊಳಗೆ ಬಂದು ಕೂತ ಪದ ಮತ್ತೊಂದಿಲ್ಲ. ಅದಕ್ಕೆ ಕಾರಣ ಆ ಪದ ಹುಟ್ಟಿದ ರೀತಿಯಲ್ಲೇ ಇದೆ.

ಕನ್ನಡದಲ್ಲಿ ಯಾವ ಪದಕ್ಕೆ ಬೇಕಾದರೂ ಒಂದು ಜೊತೆ ಹುಟ್ಟಿಸಬಹುದು. ಮೊದಲ ಅಕ್ಷರ ತೆಗೆದು ಅಲ್ಲಿ ‘ಗಿ’ ಇಟ್ಟರೆ ಸಾಕು, ದೀರ್ಘವಿದ್ದರೆ ‘ಗೀ’. ಕಾಫಿ ಗೀಫಿ, ಮನೆ ಗಿನೆ, ಪುಸ್ತಕ ಗಿಸ್ತಕ, ಜ್ವರ ಗಿರ. ವ್ಯಾಕರಣದವರು ಇದನ್ನು ಪ್ರತಿಧ್ವನಿ ಪದ ಎನ್ನುತ್ತಾರೆ. ‘ಬಂದವರಿಗೆ ಕಾಫಿ ಗೀಫಿ ಕೊಟ್ರಾ?’ ಎಂದರೆ ಕಾಫಿಯೋ ಟೀಯೋ ಮಜ್ಜಿಗೆಯೋ, ಅಂಥ ಏನಾದರೊಂದು. ‘ಗೀಫಿ’ ಎಂಬುದಕ್ಕೆ ಬೇರೆ ಅರ್ಥವಿಲ್ಲ. ಜೊತೆಯ ಪದ ಬಿಟ್ಟು ಅದೊಂದನ್ನೇ ಆಡಿದರೆ ಕೇಳಿದವರಿಗೆ ಏನೂ ತಿಳಿಯದು.

ಸಂಬಳ ಗಿಂಬಳವೂ ಹೀಗೆಯೇ ಎರಕ ಹೊಯ್ದ ಜೋಡಿ. ‘ಸಂಬಳ ಗಿಂಬಳ ಏನಾದ್ರೂ ಬಂತಾ?’ ಎಂದರೆ ಮೂಲದಲ್ಲಿ ಸಂಬಳವೋ ಅಂಥದ್ದೇ ಬೇರೇನೋ ಬಂತೇ ಎಂದಷ್ಟೇ ಅರ್ಥ. ಆದರೆ ಗಿಂಬಳ ಜೊತೆಯನ್ನು ಬಿಟ್ಟು ಒಂಟಿಯಾಗಿ ನಡೆಯಲು ಕಲಿಯಿತು. ಸ್ವಂತ ಅರ್ಥ ಪಡೆಯಿತು, ನಿಘಂಟಿಗೆ ಸೇರಿತು, ‘ಗಿಂಬಳಕೋರ’ ಎಂಬ ಇನ್ನೊಂದು ಪದವನ್ನೂ ಹೆತ್ತಿತು. ಪ್ರತಿಧ್ವನಿ ಪದಗಳಲ್ಲಿ ಇಂಥ ಭಾಗ್ಯ ತೀರಾ ಅಪರೂಪ. ಸಂಬಳದ ಜೊತೆಗೆ ‘ಅಂಥದ್ದೇ ಬೇರೇನೋ’ ಒಂದು ತಿಂಗಳು ತಿಂಗಳೂ ತಪ್ಪದೆ ಬರುತ್ತಿದ್ದರಿಂದಲೇ ಪದಕ್ಕೆ ಮೈ ತುಂಬಿರಬೇಕು.

ಇದು ನಮ್ಮೊಬ್ಬರ ಕಥೆಯಲ್ಲ ಎಂಬುದು ಇನ್ನೂ ಕಳವಳ ಹುಟ್ಟಿಸುವ ಸಂಗತಿ. ತಮಿಳಿನಲ್ಲಿ ಪ್ರತಿಧ್ವನಿ ಅಕ್ಷರ ‘ಕಿ’, ಹಾಗಾಗಿ ಅಲ್ಲಿ ಸಂಬಳಂ ಕಿಂಬಳಂ. ಕಿಂಬಳಂ ಎಂದರೆ ಲಂಚ. ಮಲಯಾಳದಲ್ಲಿ ಶಂಬಳವೂ ಕಿಂಬಳವೂ, ಅರ್ಥ ಅದೇ. ತೆಲುಗಿನವರು ಸಂಬಳಕ್ಕೆ ಜೀತಂ ಎನ್ನುತ್ತಾರೆ. ಅವರಲ್ಲಿ ಜೀತಕ್ಕಿಂತ ‘ಗೀತ’ವೇ ಹೆಚ್ಚು ಎಂಬ ಮಾತಿದೆ. ಪದ ಬೇರೆಯಾದರೂ ಅಚ್ಚು ಬದಲಾಗಲಿಲ್ಲ. ದಕ್ಷಿಣದ ನಾಲ್ಕೂ ಭಾಷೆಗಳು ಲಂಚವನ್ನು ಸಂಬಳದ ಪ್ರಾಸವಾಗಿ ಕಂಡಿವೆ. ಒಬ್ಬರಿಂದೊಬ್ಬರು ಕಲಿತರೋ ತಮತಮಗೇ ಹೊಳೆಯಿತೋ, ನಾಲ್ಕು ಸೀಮೆಯ ಜನ ಕಚೇರಿಯ ಕಟ್ಟೆಯ ಮೇಲೆ ಕಂಡದ್ದಂತೂ ಒಂದೇ.

ಸಂಬಳ ಎಂಬ ಪದದ ಹಿನ್ನೆಲೆ ಸೊಗಸಾದದ್ದು. ಸಂಸ್ಕೃತದ ಶಂಬಲ ಅಥವಾ ಸಂಬಲ ಎಂದರೆ ದಾರಿಬುತ್ತಿ. ಪಯಣ ಹೊರಟವನು ಗಂಟು ಕಟ್ಟಿಕೊಂಡು ಹೋಗುವ ಅನ್ನ. ಪಾಲಿಯಲ್ಲಿಯೂ ಅದೇ ಅರ್ಥ. ದುಡಿಯುವವನು ದಾರಿ ಸವೆಸಲು ಬೇಕಾದಷ್ಟು ಎಂಬ ಮಿತಿಯ ಭಾವ ಆ ಪದದಲ್ಲಿದೆ. ಉತ್ತರ ಕರ್ನಾಟಕದವರ ‘ಪಗಾರ’ ಪೋರ್ಚುಗೀಸರಿಂದ ಬಂದದ್ದು. ಅಲ್ಲಿ ಪಾವತಿಯ ಅರ್ಥ ಮಾತ್ರ ಉಂಟು, ಅನ್ನದ ವಾಸನೆ ಇಲ್ಲ.

ಆದರೆ ನಮ್ಮ ಹಳ್ಳಿಗಳ ಲೆಕ್ಕ ಬರೆದವರು ಶತಮಾನಗಳ ಕಾಲ ತಿಂಗಳ ಸಂಬಳ ಕಂಡವರಲ್ಲ. ಅವರಿಗೆ ಇದ್ದದ್ದು ಉಂಬಳಿ. ‘ಉಣ್’ ಧಾತುವಿನಿಂದ ಬಂದ ಪದ. ಉಣ್ಣಲು ಬಿಟ್ಟುಕೊಟ್ಟ, ಕಂದಾಯವಿಲ್ಲದ ಭೂಮಿ. ಅದರ ಜೊತೆಗೆ ಸುಗ್ಗಿಯಲ್ಲಿ ಕಣದಿಂದ ಬರುವ ಪಾಲು. ವಿಜಯನಗರದ ಕಾಲದ ಆಯಗಾರ ಪದ್ಧತಿಯಲ್ಲಿ ಶಾನುಭೋಗ, ಗೌಡ, ತಳವಾರ, ಕಮ್ಮಾರ, ಬಡಗಿ, ಅಗಸ ಎಲ್ಲರಿಗೂ ರೈತನ ರಾಶಿಯಿಂದ ಗೊತ್ತಾದ ಅಳತೆಯ ಧಾನ್ಯ ಸಲ್ಲುತ್ತಿತ್ತು. ರೈತ ಶಾನುಭೋಗನಿಗೆ ಅಳೆದುಕೊಟ್ಟ ರಾಗಿ ಲಂಚವಾಗಿರಲಿಲ್ಲ. ಅದು ಅವನ ಹಕ್ಕು, ಊರಿನ ಕಣ್ಣೆದುರೇ ಅಳೆಯುವಂಥದ್ದು. ಆ ಕಾಲದಲ್ಲಿ ಶೋಷಣೆ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಲೆಕ್ಕದ ಪುಸ್ತಕ ಒಂದೇ ಮನೆತನದ ಕೈಯಲ್ಲಿದ್ದಾಗ ಬಡವನ ಹೊಲದ ಗಡಿ ಎಷ್ಟು ಸಲ ಸರಿಯಿತೋ. ಆದರೂ ಗಿಂಬಳ ಹುಟ್ಟಬೇಕಾದರೆ ಮೊದಲು ಸಂಬಳ ಬರಬೇಕಿತ್ತು. ಸರ್ಕಾರ ತಿಂಗಳಿಗಿಷ್ಟು ಎಂದು ಗೊತ್ತುಮಾಡಿ, ಅದರಾಚೆಗಿನ ಬಿಡಿಗಾಸೂ ಅಕ್ರಮ ಎಂದ ಮೇಲೆಯೇ ಹಳೆಯ ಕಣದ ಪಾಲು ಮೇಜಿನ ಕೆಳಗೆ ಸರಿದದ್ದು. ನಮ್ಮ ರಾಜ್ಯದಲ್ಲಿ ವಂಶಪಾರಂಪರ್ಯದ ಶಾನುಭೋಗಿಕೆ ಪಟೇಲಿಕೆಗಳನ್ನು ರದ್ದು ಮಾಡಿದ ಕಾಯಿದೆ ಬಂದದ್ದು 1961ರಲ್ಲಿ. ಆ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗ ಬಂದ.

ಈಸ್ಟ್ ಇಂಡಿಯಾ ಕಂಪನಿಯ ಇತಿಹಾಸದಲ್ಲಿ ಇದೇ ಬದಲಾವಣೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅಲ್ಪ ಸಂಬಳಕ್ಕೆ ಬಂದು, ನವಾಬರ ನಜರಾಣೆಯಲ್ಲಿ ಸಿರಿವಂತರಾಗಿ ಮರಳುತ್ತಿದ್ದ ನೌಕರರಿಗೆ 1773ರ ರೆಗ್ಯುಲೇಟಿಂಗ್ ಕಾಯಿದೆ ಉಡುಗೊರೆಯನ್ನೇ ನಿಷೇಧಿಸಿತು. ಮುಂದೆ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಕಲೆಕ್ಟರರಿಗೆ ತಿಂಗಳಿಗೆ 1500 ರೂಪಾಯಿ ಸಂಬಳ, ವಸೂಲಾದ ಕಂದಾಯದ ಮೇಲೆ ಶೇ 1ರಷ್ಟು ಕಮಿಷನ್ ಗೊತ್ತುಮಾಡಿದ. ಆದರೆ ಸಂಬಳ ಏರಿದ್ದು ಬಿಳಿಯರಿಗೆ. ಕೆಳಗೆ ಕೂತು ಕಡತ ಬರೆಯುತ್ತಿದ್ದ ಈ ನೆಲದ ಗುಮಾಸ್ತರ ಪಾಡು ಬದಲಾಗಲಿಲ್ಲ. ರೈತನಿಗೆ ಎದುರಾಗುತ್ತಿದ್ದದ್ದು ಆ ಗುಮಾಸ್ತನೇ.

ಇನ್ನೊಂದು ಪದದ ಬಗ್ಗೆ ಇಲ್ಲಿ ಹೇಳಲೇಬೇಕು. ಮಾಮೂಲು. ಇದು ಅರಬ್ಬಿಯಿಂದ ಫಾರಸಿ, ಉರ್ದುಗಳ ದಾರಿಯಾಗಿ ಬಂದದ್ದು; ‘ಮಾಡುತ್ತ ಬಂದದ್ದು, ರೂಢಿಯಲ್ಲಿರುವುದು’ ಎಂದು ಅರ್ಥ. ಇದರ ಬೇರು ‘ಅಮಲ್’, ಅಂದರೆ ಕೆಲಸ, ಜಾರಿ. ಕಾನೂನು ಅಮಲಿಗೆ ಬಂತು ಎನ್ನುವಾಗಿನ ಅಮಲು ಅದೇ. ಹಳೆ ಮೈಸೂರಿನಲ್ಲಿ ತಾಲ್ಲೂಕಿನ ದೊರೆಯಂತಿದ್ದ ಅಮಲ್ದಾರನ ಹುದ್ದೆಯ ಹೆಸರೂ ಅದೇ ಬೇರಿನದು, ಮುಂಬೈ ಕರ್ನಾಟಕದ ಮಾಮಲೇದಾರನೂ ಅಷ್ಟೇ. ಅಮಲ್ದಾರನೂ ಮಾಮೂಲೂ ಒಂದೇ ತಾಯಿಯ ಮಕ್ಕಳು. ಹೀಗೆ ‘ರೂಢಿ’ ಎಂಬ ಅರ್ಥದ ಪದವೊಂದು ಲಂಚದ ಹೆಸರಾಯಿತು. ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸಿನಿಂದ, ರಸ್ತೆ ಬದಿಯ ತಳ್ಳುಗಾಡಿಯವನಿಂದ ವಾರಕ್ಕೊಮ್ಮೆ ಎತ್ತುವ ಹಣಕ್ಕೆ ಇವತ್ತಿಗೂ ಅದೇ ಹೆಸರು. ತಳ್ಳುಗಾಡಿಯವನನ್ನು ಕೇಳಿನೋಡಿ, ಲಂಚ ಕೊಟ್ಟೆ ಎಂದು ಹೇಳುವುದಿಲ್ಲ, ‘ಮಾಮೂಲಿ ಕೊಡಬೇಕಲ್ಲ ಸಾರ್’ ಎನ್ನುತ್ತಾನೆ. ನೆಲಬಾಡಿಗೆಯಷ್ಟೇ ಸಹಜವಾದ ಖರ್ಚು ಅದು ಅವನಿಗೆ. ಅವನ ಮಾತಿನಲ್ಲಿ ದೂರಿನ ಸುಳಿವೂ ಇಲ್ಲದಿರುವುದು ನನಗೆ ಅತ್ಯಂತ ನೋವು ಕೊಡುವ ಸಂಗತಿ.

ಲಂಚ ಎಂಬ ಪದವಾದರೂ ನೇರ. ಪಾಲಿಯ ಜಾತಕ ಕಥೆಗಳಲ್ಲಿ ತೀರ್ಪು ಮಾರಿಕೊಳ್ಳುವ ಅಧಿಕಾರಿಗಳು ಬರುತ್ತಾರೆ. ಅಲ್ಲಿಯೂ ಪದ ‘ಲಂಚ’ವೇ. ಲಂಚ ಪಡೆಯುವವನಿಗೆ ಅಲ್ಲಿನ ಹೆಸರು ‘ಲಂಚಖಾದಕ’, ಲಂಚ ತಿನ್ನುವವನು. ತೆಲುಗಿನ ಲಂಚಂ, ತಮಿಳಿನ ಲಂಜಂ, ಮರಾಠಿಯ ಲಾಚ್ ಎಲ್ಲ ಒಂದೇ ಬಳ್ಳಿಯವು. ಕನ್ನಡದಲ್ಲಿ ಈ ಪದ ಎಷ್ಟು ಹಳೆಯದು ಎಂಬುದಕ್ಕೆ 12ನೆಯ ಶತಮಾನದ ಶರಣೆ ಸತ್ಯಕ್ಕನೇ ಸಾಕ್ಷಿ. ಶರಣರ ಅಂಗಳ ಗುಡಿಸುವ ಕಾಯಕ ಅವಳದೆಂದು ಪರಂಪರೆ ಹೇಳುತ್ತದೆ. ಅವಳ ಒಂದು ವಚನದಲ್ಲಿ ಲಂಚಕ್ಕೂ ವಂಚನೆಗೂ ಕೈಯೊಡ್ಡುವುದಿಲ್ಲ ಎಂಬ ಆಣೆಯಿದೆ. ದಾರಿಯಲ್ಲಿ ಹೊನ್ನೋ ಬಟ್ಟೆಯೋ ಬಿದ್ದಿದ್ದರೂ ಮುಟ್ಟುವುದಿಲ್ಲ ಎನ್ನುತ್ತಾಳೆ. ಯಾವ ಅಧಿಕಾರವೂ ಇಲ್ಲದ, ಪೊರಕೆ ಹಿಡಿದ ಹೆಂಗಸಿನ ಬಾಯಲ್ಲಿ ಈ ಪದ ಬಂದಿದೆ ಎಂದರೆ ಅದು ಅರಮನೆಯ ಒಳಗಿನ ಪದವಾಗಿ ಉಳಿದಿರಲಿಲ್ಲ, ಬೀದಿಯಲ್ಲೂ ಓಡಾಡುತ್ತಿತ್ತು. ಜೊತೆಗೆ ಅವಳು ಅದನ್ನು ವಂಚನೆಯ ಪಕ್ಕದಲ್ಲಿಟ್ಟಳು. ಗಿಂಬಳ ಹೋಗಿ ಕೂತದ್ದು ಸಂಬಳದ ಪಕ್ಕದಲ್ಲಿ.

ಲಂಚವನ್ನು ಎಲ್ಲರೂ ‘ತಿನ್ನು’ತ್ತಾರೆ ಎಂಬುದನ್ನೂ ಗಮನಿಸಬೇಕು. ಪಾಲಿಯಲ್ಲಿ ತಿಂದರು, ಕನ್ನಡದಲ್ಲಿ ತಿನ್ನುತ್ತಾರೆ. ಲಂಚಕೋರ, ಗಿಂಬಳಕೋರ ಎಂಬಲ್ಲಿನ ‘ಕೋರ’ ಫಾರಸಿಯ ಪ್ರತ್ಯಯ, ಅದರ ಅರ್ಥವೂ ತಿನ್ನುವವನು. ಕೌಟಿಲ್ಯನ ಅರ್ಥಶಾಸ್ತ್ರ ರಾಜಧನವನ್ನು ಅಧಿಕಾರಿಗಳು ಕಬಳಿಸುವ 40 ಬಗೆಗಳನ್ನು ಪಟ್ಟಿ ಮಾಡುವಾಗ ಅದರ ಆಸುಪಾಸಿನಲ್ಲಿ ಬಳಸುವುದು ಭಕ್ಷಣೆಯ ಮಾತನ್ನೇ. ಅರಬ್ಬಿಯ ‘ರಿಶ್ವಾ’ ಮಾತ್ರ ಬೇರೆ ಚಿತ್ರ ಕೊಡುತ್ತದೆ. ನಮ್ಮ ರುಷುವತ್ತು ಅದರಿಂದಲೇ ಬಂದದ್ದು. ಹಳೆಯ ಅರಬ್ಬಿ ನಿಘಂಟುಕಾರರು ಅದನ್ನು ‘ರಿಶಾ’ ಎಂಬ ಪದಕ್ಕೆ ಜೋಡಿಸಿದ್ದಾರೆ. ರಿಶಾ ಎಂದರೆ ಬಾವಿಯಿಂದ ನೀರು ಸೇದುವ ಹಗ್ಗ. ಬಾವಿ ಇದೆ, ನೀರೂ ಇದೆ, ಹಗ್ಗವಿಲ್ಲದೆ ಕೈಗೆ ಸಿಗುವುದಿಲ್ಲ. ಇಷ್ಟೊಂದು ಪದಗಳ ನಡುವೆ ಇದೊಂದರಲ್ಲಿ ಮಾತ್ರ ಬಾಯಾರಿ ಬಾವಿಕಟ್ಟೆಗೆ ಬಂದವನು ಕಾಣುತ್ತಾನೆ.

ಉಳಿದ ಪದಗಳಲ್ಲಿ ಅವನಿಲ್ಲ. ನನ್ನ ತಕರಾರು ಇಲ್ಲಿಯೇ ಇರುವುದು. ಶಾಲೆಯ ವ್ಯಾಕರಣದಲ್ಲಿ ತದ್ಧಿತಾಂತದ ಪಾಠಕ್ಕೆ ಲಂಚಕೋರ, ಚಾಡಿಕೋರ ಎಂದು ಉದಾಹರಣೆ ಕೊಡುತ್ತಾರೆ. ಲಂಚಗುಳಿ ಎಂಬುದೂ ಉಂಟು. ಪಡೆಯುವವನಿಗೆ ಎರಡೆರಡು ಪ್ರತ್ಯಯ. ಕೊಡುವವನನ್ನು ಕರೆಯಲು ಒಂದೇ ಒಂದು ಪದವಿಲ್ಲ. ಗಿಂಬಳವಂತೂ ಕೊಡುವವನನ್ನು ಪೂರ್ತಿ ಅಳಿಸಿಹಾಕುತ್ತದೆ. ಸಂಬಳ ಖಜಾನೆಯಿಂದ ಬಂದಂತೆ ಗಿಂಬಳವೂ ಎಲ್ಲಿಂದಲೋ ಬರುತ್ತದೆ ಎಂಬ ಭಾವನೆ ಹುಟ್ಟುತ್ತದೆ. ಯಾರೋ ಮಗಳ ಓಲೆ ಅಡವಿಟ್ಟದ್ದು, ಯಾರೋ ಎರಡು ದಿನದ ಕೂಲಿ ಬಿಟ್ಟು ಬಸ್ಸು ಹತ್ತಿದ್ದು ಆ ಪದದೊಳಗೆ ಎಲ್ಲೂ ಇಲ್ಲ. ‘ಭ್ರಷ್ಟಾಚಾರ’ ಎಂಬ ಭಾರದ ಪದವೂ ಈ ವಿಷಯದಲ್ಲಿ ಸಹಾಯ ಮಾಡುವುದಿಲ್ಲ. ಭ್ರಷ್ಟ ಎಂದರೆ ಜಾರಿ ಬಿದ್ದದ್ದು. ಆಚಾರಭ್ರಷ್ಟ, ಕುಲಭ್ರಷ್ಟ ಎಂಬ ಹಳೆಯ ಮಾತುಗಳಲ್ಲಿ ಇದ್ದಂತೆ ಇಲ್ಲಿಯೂ ಚಿಂತೆಯೆಲ್ಲ ಬಿದ್ದವನ ನಡತೆಯ ಬಗ್ಗೆ. ಅವನು ಯಾರ ಮೇಲೆ ಬಿದ್ದ ಎಂಬುದನ್ನು ಆ ಪದವೂ ಹೇಳುವುದಿಲ್ಲ.

ಕಾನೂನಿನ ಭಾಷೆ ಏನು ಹೇಳಿತು ನೋಡೋಣ. 1860ರ ಭಾರತೀಯ ದಂಡಸಂಹಿತೆಯ 161ನೇ ಕಲಂ ಲಂಚಕ್ಕೆ ಕೊಟ್ಟ ವ್ಯಾಖ್ಯೆಯ ತಿರುಳು ಇಷ್ಟು: ಕಾನೂನುಬದ್ಧ ವೇತನದ ಹೊರತಾಗಿ ಸರ್ಕಾರಿ ನೌಕರ ಪಡೆಯುವ ಯಾವುದೇ ಪರಿತೋಷ. ಅದು ಹಣವೇ ಆಗಿರಬೇಕಿಲ್ಲ ಎಂಬ ವಿವರಣೆಯೂ ಇತ್ತು. ವೇತನದ ಹೊರತಾದದ್ದು ಎಂದರೆ ಅಕ್ಷರಶಃ ಗಿಂಬಳ. ಕಾಯಿದೆ ಬರೆದವರೂ ಕಚೇರಿ ಕಟ್ಟೆಯ ಜನರೂ ಅದನ್ನು ಒಂದೇ ಅಳತೆಗೋಲಿನಿಂದ ಅಳೆದರು. ಆ ಕಲಂ 1988ರ ಭ್ರಷ್ಟಾಚಾರ ತಡೆ ಕಾಯಿದೆಯೊಳಗೆ ಸೇರಿತು. 2018ರ ತಿದ್ದುಪಡಿಯಲ್ಲಿ ಪರಿತೋಷ ಹೋಗಿ ‘ಅನುಚಿತ ಲಾಭ’ ಎಂಬ ಮಾತು ಬಂತು. ಅದೇ ತಿದ್ದುಪಡಿ ಲಂಚ ಕೊಡುವವನನ್ನೂ ನೇರವಾಗಿ ಅಪರಾಧಿಯನ್ನಾಗಿ ಮಾಡಿತು. ಬಲವಂತಕ್ಕೆ ಸಿಕ್ಕಿ ಕೊಟ್ಟಿದ್ದರೆ 7 ದಿನಗಳೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದವನಿಗೆ ಮಾತ್ರ ರಕ್ಷಣೆ.

ಇದಕ್ಕೆ ಏಳು ವರ್ಷ ಮೊದಲು, 2011ರಲ್ಲಿ, ಅರ್ಥಶಾಸ್ತ್ರಜ್ಞ ಕೌಶಿಕ್ ಬಸು ಇದಕ್ಕೆ ತದ್ವಿರುದ್ಧವಾದ ಸಲಹೆ ಮುಂದಿಟ್ಟಿದ್ದರು. ತನ್ನ ಹಕ್ಕಿನ ಕೆಲಸಕ್ಕಾಗಿ ಕಿರುಕುಳ ತಾಳದೆ ಲಂಚ ಕೊಟ್ಟವನನ್ನು ಅಪರಾಧಮುಕ್ತನನ್ನಾಗಿ ಮಾಡಿದರೆ ಅವನು ಆಮೇಲೆ ಧೈರ್ಯವಾಗಿ ದೂರು ಕೊಡುತ್ತಾನೆ ಎಂಬುದು ಅವರ ವಾದ. ಟೆಂಡರಿಗಾಗಿ ಕೋಟಿ ಕೊಡುವ ಗುತ್ತಿಗೆದಾರನಿಗೂ ಗಂಡ ತೀರಿಕೊಂಡ ಮೇಲೆ ಪೌತಿ ಖಾತೆಗಾಗಿ ಅಲೆಯುವ ಹೆಂಗಸಿಗೂ ವ್ಯತ್ಯಾಸವಿದೆ ಎಂದು ಆ ವಾದ ಗುರುತಿಸುತ್ತಿತ್ತು. ಮೊದಲನೆಯವನು ಪಾಲುದಾರ, ಎರಡನೆಯವಳು ಸುಲಿಗೆಗೆ ಒಳಗಾದವಳು. ಇಬ್ಬರನ್ನೂ ಒಂದೇ ಕಟಕಟೆಗೆ ತಂದು, ಹಳ್ಳಿಯ ಹೆಂಗಸು ಜಿಲ್ಲಾ ಕೇಂದ್ರದ ಕಚೇರಿ ಹುಡುಕಿ ಹೋಗಿ ದೂರು ಬರೆಸಲು 7 ದಿನ ಸಾಕು ಎನ್ನುವುದು ನ್ಯಾಯವಲ್ಲ. ಬಸು ಅವರ ಸಲಹೆಯಲ್ಲಿ ತೊಡಕುಗಳಿದ್ದವು, ನಿಜ. ಆದರೂ ಕೊಡುವವರಲ್ಲಿ ಎರಡು ಬಗೆಯುಂಟು ಎಂಬ ಅದರ ಗ್ರಹಿಕೆಯನ್ನು ಬಿಟ್ಟುಕೊಡಬಾರದಿತ್ತು.

ಲಂಚದ ಮೊಕದ್ದಮೆಗಳಲ್ಲಿ ಮಾತಿಗೆ ಇರುವ ಬೆಲೆ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಟ್ರ್ಯಾಪ್ ಹೇಗೆ ನಡೆಯುತ್ತದೆ ಎಂದು ಪತ್ರಿಕೆ ಓದುವವರಿಗೆ ತಿಳಿದಿದೆ: ದೂರುದಾರ ತಂದ ನೋಟುಗಳಿಗೆ ಫಿನಾಲ್ಫ್ಥಲೀನ್ ಪುಡಿ ಹಚ್ಚುತ್ತಾರೆ, ಪಂಚರ ಎದುರು ಮಹಜರು ಬರೆಯುತ್ತಾರೆ. ನೋಟು ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೋನೇಟ್ ದ್ರಾವಣದಲ್ಲಿ ಅದ್ದಿಸಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇಷ್ಟಾದರೆ ಶಿಕ್ಷೆ ಖಚಿತ ಎಂದು ನಾವು ಭಾವಿಸುತ್ತೇವೆ. ಆದರೆ ಕೈ ಗುಲಾಬಿಯಾದರೆ ಸಾಲದು, ಹಣ ಸಿಕ್ಕರೂ ಸಾಲದು, ಅಧಿಕಾರಿ ಬೇಡಿಕೆ ಇಟ್ಟದ್ದು ರುಜುವಾತಾಗಬೇಕು ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ದೂರುದಾರ ಸತ್ತರೆ ಅಥವಾ ತಿರುಗಿಬಿದ್ದರೆ ಸಾಂದರ್ಭಿಕ ಸಾಕ್ಷ್ಯದಿಂದಲೂ ಬೇಡಿಕೆಯನ್ನು ರುಜುವಾತುಪಡಿಸಬಹುದು ಎಂದು 2022ರ ಡಿಸೆಂಬರಿನಲ್ಲಿ ಸಂವಿಧಾನ ಪೀಠ ಸ್ಪಷ್ಟಪಡಿಸಿತು. ಅಂದರೆ ಮೊಕದ್ದಮೆ ನಿಂತಿರುವುದು ಆಡಿದ ಮಾತಿನ ಮೇಲೆ. ಮೇಜಿನ ಆಚೆಯವರು ಲಂಚ ಎಂಬ ಪದ ಬಾಯಿಗೆ ತರುತ್ತಾರೆಯೇ? ‘ಸ್ವಲ್ಪ ಖರ್ಚಿದೆ.’ ‘ಏನಾದ್ರೂ ನೋಡ್ಕೊಳ್ಳಿ.’ ‘ಮೇಲಿನವರಿಗೂ ಕೊಡ್ಬೇಕಾಗುತ್ತೆ.’ ‘ತಂದಿದ್ದೀರಾ?’ ಕೆಲವು ಸಲ ಮಾತೂ ಇಲ್ಲ, ಕಡತವನ್ನು ಮುಚ್ಚಿ ಪಕ್ಕಕ್ಕೆ ಸರಿಸುವುದು ಮಾತ್ರ. ಈ ಸುತ್ತುಬಳಸಿನ ಮಾತುಗಳು ನಾಚಿಕೆಯಿಂದ ಹುಟ್ಟಿದವು ಎಂದು ಮೊದಲು ಅಂದುಕೊಳ್ಳಬಹುದು. ನ್ಯಾಯಾಲಯದ ಕಟಕಟೆಯಲ್ಲಿ ಅವು ಗುರಾಣಿಯಾಗುತ್ತವೆ.

ಕರ್ನಾಟಕದಲ್ಲಿ ಈ ಗುರಾಣಿಯನ್ನು ಒಡೆಯಲು ಪ್ರಯತ್ನಗಳು ನಡೆದಿವೆ. 1984ರ ಕಾಯಿದೆಯಿಂದ ಬಂದ ಲೋಕಾಯುಕ್ತವನ್ನು ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರು 2001ರಿಂದ 2006ರವರೆಗೆ ಆಸ್ಪತ್ರೆ, ಚೆಕ್‌ಪೋಸ್ಟ್, ಕಚೇರಿಗಳಿಗೆ ನುಗ್ಗಿಸಿದರು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ 2011ರ ಗಣಿ ವರದಿ ಸರ್ಕಾರವನ್ನೇ ನಡುಗಿಸಿತು. ಆಮೇಲೆ 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ಹುಟ್ಟಿ, 2022ರಲ್ಲಿ ಹೈಕೋರ್ಟ್ ಆದೇಶದಿಂದ ರದ್ದಾಯಿತು. ದಾಳಿಗಳ ಫೋಟೊ ನಾವೆಲ್ಲ ನೋಡಿದ್ದೇವೆ. ನನಗೆ ಹೆಚ್ಚು ಭರವಸೆ ಕೊಟ್ಟದ್ದು ಸದ್ದಿಲ್ಲದ ಎರಡು ಕೆಲಸಗಳು.

ಮೊದಲನೆಯದು ಭೂಮಿ ಯೋಜನೆ. 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿ ದಾಖಲೆಗಳು ಕಂಪ್ಯೂಟರಿಗೆ ಸೇರಿದವು. ಅದುವರೆಗೆ ಪಹಣಿ ಬೇಕಾದವನು ಗ್ರಾಮ ಲೆಕ್ಕಿಗನನ್ನು ಹುಡುಕಿಕೊಂಡು, ಅವನ ಬಿಡುವು ನೋಡಿಕೊಂಡು, ಮನಸ್ಸು ನೋಡಿಕೊಂಡು ನಿಲ್ಲಬೇಕಿತ್ತು. ಆಮೇಲೆ ತಾಲ್ಲೂಕು ಕೇಂದ್ರದ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಕೈಗೆ ಬಂತು. ಆ ಒಂದು ಕಾಗದದ ಮಟ್ಟಿಗೆ ಗಿಂಬಳ ಸತ್ತಿತು, ಏಕೆಂದರೆ ಯಾರ ಮರ್ಜಿಯೂ ಅಲ್ಲಿ ಉಳಿದಿರಲಿಲ್ಲ. ಆದರೆ ಪೋಡಿಗೆ ಸರ್ವೆಯವರು ಹೊಲಕ್ಕೆ ಬರಲೇಬೇಕು, ಖಾತೆ ಬದಲಾವಣೆಗೆ ಯಾರೋ ಒಬ್ಬರು ಸಹಿ ಹಾಕಲೇಬೇಕು. ಮರ್ಜಿ ಉಳಿದ ಕಡೆಗಳಿಗೆ ಗಿಂಬಳವೂ ಹೋಗಿ ಸೇರಿತು.

ಎರಡನೆಯದು ಸಕಾಲ. 2011ರ ಕಾಯಿದೆ, 2012ರ ಏಪ್ರಿಲಿನಲ್ಲಿ ರಾಜ್ಯಕ್ಕೆಲ್ಲ ಜಾರಿಯಾಯಿತು. ಯಾವ ಕೆಲಸಕ್ಕೆ ಎಷ್ಟು ದಿನ ಎಂದು ಅದು ಗೊತ್ತುಮಾಡುತ್ತದೆ. ಅರ್ಜಿ ಕೊಟ್ಟವರಿಗೆ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿ ಕೊಡುತ್ತದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಅರ್ಜಿದಾರರಿಗೆ ಪರಿಹಾರ. ಆ ಹಣವನ್ನು ಹಿಡಿಯಬೇಕಾದದ್ದು ತಡ ಮಾಡಿದ ಅಧಿಕಾರಿಯ ಸಂಬಳದಿಂದ. ಈ ಒಂದು ಅಂಶಕ್ಕಾಗಿ ನಾನು ಆ ಕಾಯಿದೆಯನ್ನು ತುಂಬ ಗೌರವಿಸುತ್ತೇನೆ. ಅರ್ಜಿಯನ್ನು ತಡೆಹಿಡಿದಷ್ಟೂ ಗಿಂಬಳ ಹೆಚ್ಚುತ್ತದೆ ಎಂಬ ಹಳೆಯ ಲೆಕ್ಕವನ್ನು ಅದು ತಿರುಗಿಸಿ, ತಡೆಹಿಡಿದರೆ ಸಂಬಳವೇ ಕರಗುತ್ತದೆ ಎಂದಿತು. 20 ರೂಪಾಯಿ ಬಹಳ ಸಣ್ಣ ಮೊತ್ತ, ಅದು ಹೆಚ್ಚಬೇಕು. ಅದಕ್ಕಿಂತ ಮೊದಲು ಆಗಬೇಕಾದದ್ದು ಇನ್ನೊಂದಿದೆ. ‘ಅರ್ಜಿ ಇಟ್ಟು ಹೋಗಿ, ನೋಡೋಣ’ ಎಂದು ಬರಿಗೈಯಲ್ಲಿ ಕಳಿಸುವ ಚಾಳಿ ಇನ್ನೂ ಹೋಗಿಲ್ಲ. ಸ್ವೀಕೃತಿ ಸಿಗದಿದ್ದರೆ ದಿನಗಳ ಎಣಿಕೆ ಶುರುವಾಗುವುದೇ ಇಲ್ಲ, ಆ ಅರ್ಜಿ ಕೊಟ್ಟೇ ಇಲ್ಲ ಎಂದಾಗುತ್ತದೆ. ಹಾಗಾಗಿ ಪೌತಿ ಖಾತೆಗೋ ಜಾತಿ ಪ್ರಮಾಣಪತ್ರಕ್ಕೋ ಹೋಗುವವರು ಆ 15 ಅಂಕಿಗಳ ಚೀಟಿ ಕೈಗೆ ಬರುವ ತನಕ ಕಿಂಡಿಯ ಮುಂದಿನಿಂದ ಕದಲಬಾರದು.